ಮೆದುಳಿನ ಕಡಿವಾಣ ಮತ್ತು ಆಸರೆ ಕೋಶಗಳು

ಮೆದುಳಿನ ನರಕೋಶಗಳು ಒಂದಕ್ಕೊಂದು ಕಳುಹಿಸುವ ಸಂಕೇತಗಳಲ್ಲಿ ಎರಡು ಬಗೆ. ಒಂದು ಕೆರಳಿಸುವಂಥದು, ಇನ್ನೊಂದು ತಡೆಯುವಂಥದು. ಕೆರಳಿಸುವ ಸಂಕೇತವನ್ನು ಬಹುಮಟ್ಟಿಗೆ ಗ್ಲುಟಮೇಟ್ ಎಂಬ ರಾಸಾಯನಿಕ ಒಯ್ಯುತ್ತದೆ. ತಡೆಯುವ ಸಂಕೇತವನ್ನು ಒಯ್ಯುವುದು ಗಾಮಾ ಅಮೈನೊ ಬ್ಯುಟಿರಿಕ್ ಆಮ್ಲ, ಚುಟುಕಾಗಿ ಗಾಬಾ. ಮೆದುಳಿನ ಹೊರಪದರದ ನರಕೋಶಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಮಾತ್ರ ಗಾಬಾ ಸ್ರವಿಸುವ ತಡೆಕೋಶಗಳು. ಉಳಿದ ನಾಲ್ಕು ಪಾಲು ಕೋಶಗಳು ಯಾವಾಗ, ಎಷ್ಟು, ಯಾವ ಲಯದಲ್ಲಿ ಮಿಡಿಯಬೇಕು ಎಂಬುದನ್ನು ಈ ಸಣ್ಣ ಗುಂಪು ಹದ್ದುಬಸ್ತಿನಲ್ಲಿಡುತ್ತದೆ.

ತಡೆಯ ಕೆಲಸ ನಡೆಯುವ ಬಗೆ ಹೀಗಿದೆ. ಎರಡು ನರಕೋಶಗಳು ಸೇರುವ ನರಸಂಧಿಯಲ್ಲಿ ಗಾಬಾ ಬಿಡುಗಡೆಯಾಗಿ ಎದುರಿನ ಕೋಶದ ಮೇಲಿರುವ ಗಾಬಾ-ಎ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಐದು ಪ್ರೋಟೀನ್ ತುಣುಕುಗಳು ಸೇರಿ ಆದ ಈ ಗ್ರಾಹಕದ ನಡುವೆ ಒಂದು ಕಿರುರಂಧ್ರವಿದೆ. ಗಾಬಾ ತಗುಲಿದೊಡನೆ ರಂಧ್ರ ತೆರೆದು ಕ್ಲೋರೈಡ್ ಅಯಾನುಗಳು ಒಳನುಗ್ಗುತ್ತವೆ. ಅವು ಋಣ ವಿದ್ಯುದಂಶ ಹೊತ್ತವು; ಹಾಗಾಗಿ ಕೋಶ ಮಿಡಿಯುವ ಮಟ್ಟದಿಂದ ದೂರ ಸರಿಯುತ್ತದೆ. ಗಾಬಾ-ಬಿ ಎಂಬ ಇನ್ನೊಂದು ಬಗೆಯ ಗ್ರಾಹಕ ಇದೇ ಕೆಲಸವನ್ನು ನಿಧಾನವಾಗಿ, ಹೆಚ್ಚು ಹೊತ್ತು ಮಾಡುತ್ತದೆ. ಮೆದುಳಿನಲ್ಲಿ ಗಾಬಾ ಇರುವುದನ್ನು ಯೂಜೀನ್ ರಾಬರ್ಟ್ಸ್ ಮತ್ತು ಸಂಗಡಿಗರು 1950ರಲ್ಲಿ ತೋರಿಸಿದರು. ಅದು ತಡೆಯ ಸಂಕೇತವಾಹಕ ಎಂದು ಎಲ್ಲರೂ ಒಪ್ಪಲು ಒಂದು ದಶಕಕ್ಕೂ ಹೆಚ್ಚು ಕಾಲ ಬೇಕಾಯಿತು.

ಈ ತಡೆ ಸಡಿಲಗೊಂಡಾಗ ಸಾವಿರಾರು ನರಕೋಶಗಳು ಒಟ್ಟೊಟ್ಟಿಗೆ ಮಿಡಿಯತೊಡಗುತ್ತವೆ. ಮಂಡ್ಯ ಸೀಮೆಯ ಜನ ಫಿಟ್ಸ್ ಎಂದೂ ಮೂರ್ಛೆ ರೋಗ ಎಂದೂ ಕರೆಯುವ ಅಪಸ್ಮಾರದ ಮೂಲ ಅಲ್ಲಿದೆ. ಆದರೆ ತಡೆಯನ್ನು ಕಾಯುವ ಹೊಣೆ ತಡೆಕೋಶಗಳದಷ್ಟೇ ಎಂಬ ನಂಬಿಕೆ ಕಳೆದ ಮೂರು ದಶಕಗಳಲ್ಲಿ ಬದಲಾಗಿದೆ. ಗಾಬಾ ತಯಾರಾಗಲು ಬೇಕಾದ ಕಚ್ಚಾವಸ್ತು, ಬಳಸಿದ ಗಾಬಾದ ವಿಲೇವಾರಿ, ಸುತ್ತಲಿನ ಲವಣಗಳ ಹದ, ನರಸಂಧಿಯ ಕಟ್ಟಣೆ, ಇವೆಲ್ಲ ಗ್ಲಿಯಾ ಎಂಬ ಆಸರೆ ಕೋಶಗಳ ಕೈಯಲ್ಲಿವೆ.

ಬಿಸಿನೀರಿನ ಅಪಸ್ಮಾರ

ದಕ್ಷಿಣ ಕರ್ನಾಟಕಕ್ಕೂ ಈ ವಿಷಯಕ್ಕೂ ವಿಶೇಷ ನಂಟಿದೆ. ತಲೆಯ ಮೇಲೆ ಬಿಸಿನೀರು ಹುಯ್ದುಕೊಂಡಾಗ ಬರುವ ಫಿಟ್ಸ್, ವೈದ್ಯರ ಮಾತಿನಲ್ಲಿ ಬಿಸಿನೀರಿನ ಅಪಸ್ಮಾರ, ಜಗತ್ತಿನ ಬೇರೆಡೆ ಅಪರೂಪ. 1945ರಲ್ಲಿ ನ್ಯೂಜಿಲೆಂಡಿನಿಂದ ಇದರ ಮೊದಲ ವರದಿ ಬಂತು. ಟರ್ಕಿಯಂಥ ಕೆಲವು ದೇಶಗಳಲ್ಲೂ ಕಂಡಿದೆ. ಆದರೆ ಅತಿ ಹೆಚ್ಚು ರೋಗಿಗಳು ದಾಖಲಾಗಿರುವುದು ಹಳೆ ಮೈಸೂರು ಭಾಗದಲ್ಲಿ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ 1960ರ ದಶಕದ ಕೊನೆಯಲ್ಲಿ ಇದನ್ನು ವೈದ್ಯಲೋಕದ ಗಮನಕ್ಕೆ ತಂದರು. ಬೆಂಗಳೂರಿನ ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಹೋದ್ಯೋಗಿಗಳು 1988ರಲ್ಲಿ 279 ರೋಗಿಗಳ ವಿವರಗಳನ್ನು ಪ್ರಕಟಿಸಿದರು.

ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಮನೆಗಳಲ್ಲಿ ತಲೆಗೆ ಸ್ನಾನ ಎಂದರೆ ವಾರಕ್ಕೊಮ್ಮೆಯೋ ಹಬ್ಬಕ್ಕೋ ನಡೆಯುವ ದೊಡ್ಡ ಕೆಲಸ. ನೀರೊಲೆಗೆ ತೆಂಗಿನ ಮಟ್ಟೆ, ಗರಿ ತುಂಬಿ ಹಂಡೆ ಕಾಯಿಸಿ, ಎಣ್ಣೆ ಹಚ್ಚಿದ ತಲೆಗೆ ಚೊಂಬಿನಲ್ಲಿ ಮೊಗೆಮೊಗೆದು ಬಿಸಿನೀರು ಹುಯ್ಯುತ್ತಾರೆ. ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಹೀಗೆ ಬೇಗಬೇಗನೆ ನೆತ್ತಿಗೆ ಬಿದ್ದಾಗ, ಈ ಗುಣವಿರುವವರ ದೃಷ್ಟಿ ಒಂದೆಡೆ ನೆಡುತ್ತದೆ, ಮಾತು ತೊದಲುತ್ತದೆ, ಅರಿವು ಮಸುಕಾಗುತ್ತದೆ. ಕೆಲವರಿಗೆ ಕೈಕಾಲು ಸೆಟೆದು ಮೈಯೆಲ್ಲ ಅದುರುತ್ತದೆ. ಹೆಚ್ಚಾಗಿ ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ ಇದು ಶುರುವಾಗುತ್ತದೆ. ಸುಮಾರು ಕಾಲು ಭಾಗ ರೋಗಿಗಳಿಗೆ ಮುಂದೆ ಸ್ನಾನದ ಹೊರತಾಗಿಯೂ ಫಿಟ್ಸ್ ಬರುವುದುಂಟು. ಒಂದೇ ಮನೆತನದ ಹಲವರಲ್ಲಿ ಕಾಣುವುದರಿಂದ ಅನುವಂಶೀಯತೆಯ ಪಾತ್ರವೂ ಸ್ಪಷ್ಟ.

ಮಳವಳ್ಳಿಯಿಂದ ಕಾವೇರಿ ದಾಟಿ ಕೊಳ್ಳೇಗಾಲದ ಆಚೆ ಸಿಗುವ ಯಳಂದೂರು ತಾಲ್ಲೂಕಿನಲ್ಲಿ ಡಾ. ಮಣಿಯವರ ತಂಡ 1990ರ ದಶಕದ ಆರಂಭದಲ್ಲಿ ಮನೆಮನೆ ಸಮೀಕ್ಷೆ ನಡೆಸಿತು. ಸುಮಾರು 65 ಸಾವಿರ ಜನರಲ್ಲಿ ಸಾವಿರಕ್ಕೆ 4.63ರಂತೆ ಅಪಸ್ಮಾರ ಕಂಡುಬಂತು. ಡಾ. ಎಂ. ಗೌರಿದೇವಿ ನೇತೃತ್ವದಲ್ಲಿ ನಿಮ್ಹಾನ್ಸ್ ಬೆಂಗಳೂರು ನಗರ ಮತ್ತು ಗ್ರಾಮಾಂತರದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರಿಶೀಲಿಸಿದಾಗ ಅಪಸ್ಮಾರದ ಪ್ರಮಾಣ ಸಾವಿರಕ್ಕೆ 8.8 ಇತ್ತು, ಹಳ್ಳಿಗಳಲ್ಲಿ 11.9, ನಗರದಲ್ಲಿ 5.7. ಹಳ್ಳಿಗಾಡಿನ ಮೇಲೆ ಈ ಕಾಯಿಲೆಯ ಹೊರೆ ಎಷ್ಟು ಹೆಚ್ಚು ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ. ಆದ್ದರಿಂದ ಮೆದುಳಿನ ತಡೆಯನ್ನು ಯಾರು ಕಾಯುತ್ತಾರೆ ಎಂಬ ಪ್ರಶ್ನೆ ಪ್ರಯೋಗಾಲಯದಷ್ಟೇ ಬಚ್ಚಲುಮನೆಗೂ ಸೇರಿದ್ದು.

ಆಸರೆ ಕೋಶಗಳ ಬಳಗ

ಜರ್ಮನಿಯ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಕೊ 1850ರ ದಶಕದಲ್ಲಿ ನರಕೋಶಗಳ ನಡುವೆ ತುಂಬಿರುವ ವಸ್ತುವನ್ನು ಅವುಗಳನ್ನು ಹಿಡಿದಿಡುವ ಅಂಟು ಎಂದು ಭಾವಿಸಿದ. ಗ್ಲಿಯಾ ಎಂಬ ಹೆಸರು ಬಂದದ್ದು ಆಗ. ನೂರು ವರ್ಷಕ್ಕೂ ಹೆಚ್ಚು ಕಾಲ ಈ ಕೋಶಗಳ ಮೇಲೆ ಆ ಭಾವನೆಯ ನೆರಳು ಉಳಿಯಿತು. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಗ್ಲಿಯಾ ಕೋಶಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ ಎಂದು 2009ರ ಎಣಿಕೆ ತೋರಿಸಿತು.

ಗ್ಲಿಯಾದಲ್ಲಿ ಮುಖ್ಯವಾಗಿ ಮೂರು ಬಗೆ. ಹಲವು ಕವಲುಗಳಿಂದ ನಕ್ಷತ್ರದಂತೆ ಕಾಣುವ ಆಸ್ಟ್ರೋಸೈಟ್‌ಗಳು ಒಂದೆಡೆ ರಕ್ತನಾಳಗಳನ್ನೂ ಇನ್ನೊಂದೆಡೆ ನರಸಂಧಿಗಳನ್ನೂ ಅಪ್ಪಿಕೊಂಡಿರುತ್ತವೆ. ಆಲಿಗೊಡೆಂಡ್ರೊಸೈಟ್‌ಗಳು ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತುತ್ತವೆ. ಮೈಕ್ರೊಗ್ಲಿಯಾ ಮೆದುಳಿನ ರಕ್ಷಣಾ ಕೋಶಗಳು. ಕವಲುಗಳನ್ನು ಸದಾ ಚಾಚುತ್ತ ಹಿಂತೆಗೆಯುತ್ತ ಸುತ್ತಮುತ್ತ ತಡಕುತ್ತಿರುತ್ತವೆ. ಮೂರೂ ಬಗೆಯವು ತಡೆಯ ಸಂಕೇತದ ಮೇಲೆ ಪ್ರಭಾವ ಬೀರುತ್ತವೆ. ಅವುಗಳಲ್ಲಿ ಆಸ್ಟ್ರೋಸೈಟ್‌ನ ಪಾತ್ರ ದೊಡ್ಡದು. ಎರಡು ನರಕೋಶಗಳ ಜೊತೆಗೆ ಆಸ್ಟ್ರೋಸೈಟನ್ನೂ ಸೇರಿಸಿ ಮೂರು ಪಾಲುದಾರರ ನರಸಂಧಿ ಎಂಬ ಕಲ್ಪನೆ 1999ರಲ್ಲಿ ರೂಪುಗೊಂಡಿತು.

ಕಚ್ಚಾವಸ್ತುವಿನ ಪೂರೈಕೆ

ಗಾಬಾ ತಯಾರಾಗುವುದು ಗ್ಲುಟಮೇಟಿನಿಂದ. ಕೆರಳಿಸುವ ರಾಸಾಯನಿಕವೇ ತಡೆಯುವ ರಾಸಾಯನಿಕಕ್ಕೆ ಮೂಲ. ಗ್ಲುಟಮೇಟ್ ಡಿಕಾರ್ಬಾಕ್ಸಿಲೇಸ್ ಎಂಬ ಕಿಣ್ವ, ಬಿ6 ಜೀವಸತ್ವದ ನೆರವಿನಿಂದ, ಗ್ಲುಟಮೇಟಿನ ಒಂದು ತುಣುಕನ್ನು ಕಳಚಿ ಗಾಬಾ ಮಾಡುತ್ತದೆ. ತಡೆಕೋಶಕ್ಕೆ ಬೇಕಾದ ಗ್ಲುಟಮೇಟಿನ ದೊಡ್ಡ ಪಾಲು ಬರುವುದು ಆಸ್ಟ್ರೋಸೈಟ್ ಮೂಲಕ.

ನರಸಂಧಿಯಲ್ಲಿ ಬಿಡುಗಡೆಯಾದ ಗ್ಲುಟಮೇಟನ್ನು ಆಸ್ಟ್ರೋಸೈಟ್‌ಗಳು ಇಎಎಟಿ-1, ಇಎಎಟಿ-2 ಎಂಬ ವಾಹಕ ಪ್ರೋಟೀನುಗಳಿಂದ ಒಳಗೆಳೆದುಕೊಳ್ಳುತ್ತವೆ. ಒಳಗೆ ಗ್ಲುಟಮಿನ್ ಸಿಂಥೆಟೇಸ್ ಎಂಬ ಕಿಣ್ವ ಅದಕ್ಕೆ ಅಮೋನಿಯ ಸೇರಿಸಿ ಗ್ಲುಟಮಿನ್ ಮಾಡುತ್ತದೆ. ಮೆದುಳಿನಲ್ಲಿ ಈ ಕಿಣ್ವದ ಮುಖ್ಯ ನೆಲೆ ಆಸ್ಟ್ರೋಸೈಟ್. ನರಕೋಶ ತನಗೆ ಬೇಕಾದ ಗ್ಲುಟಮಿನ್ ತಾನೇ ತಯಾರಿಸಿಕೊಳ್ಳಲಾರದು. ಗ್ಲುಟಮಿನ್ ನಿರುಪದ್ರವಿ, ಯಾವ ಕೋಶವನ್ನೂ ಕೆರಳಿಸದು. ಆಸ್ಟ್ರೋಸೈಟ್ ಅದನ್ನು ಹೊರಬಿಡುತ್ತದೆ, ತಡೆಕೋಶ ಅದನ್ನು ಹೀರಿಕೊಂಡು ಮತ್ತೆ ಗ್ಲುಟಮೇಟ್ ಮಾಡಿ ಅದರಿಂದ ಗಾಬಾ ತಯಾರಿಸುತ್ತದೆ.

ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಗದ್ದೆಗೆ ನೀರು ಬಿಡುವವನೂ ಹೆಚ್ಚಾದ ನೀರನ್ನು ಬಸಿಯಗೊಡುವವನೂ ನೀರುಗಂಟಿಯೇ. ಆಸ್ಟ್ರೋಸೈಟ್‌ನ ಸ್ಥಾನ ಅಂಥದು: ಒಂದು ಕಡೆ ಹೆಚ್ಚಾದ ಗ್ಲುಟಮೇಟನ್ನು ತೆಗೆಯುತ್ತದೆ, ಅದನ್ನೇ ಬದಲಿಸಿ ಇನ್ನೊಂದು ಕಡೆ ಗಾಬಾಕ್ಕೆ ಮೂಲವಾಗಿ ಒದಗಿಸುತ್ತದೆ. ಈ ಪೂರೈಕೆ ನಿಂತರೆ ಹೆಚ್ಚು ಪೆಟ್ಟು ಬೀಳುವುದು ತಡೆಯ ಸಂಕೇತಕ್ಕೆ. ಬಿಡುವಿಲ್ಲದೆ ಬೇಗಬೇಗ ಮಿಡಿಯುವ ತಡೆಕೋಶಗಳಿಗೆ ಗಾಬಾದ ದಾಸ್ತಾನು ಸದಾ ತುಂಬುತ್ತಲೇ ಇರಬೇಕು.

ಬಳಸಿದ ಗಾಬಾದ ವಿಲೇವಾರಿ

ಬಿಡುಗಡೆಯಾದ ಗಾಬಾ ನರಸಂಧಿಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದರ ಮೇಲೆ ತಡೆಯ ಬಲ ನಿಂತಿದೆ. ಅದನ್ನು ಒಳಗೆಳೆದುಕೊಳ್ಳುವ ವಾಹಕಗಳಲ್ಲಿ ಗ್ಯಾಟ್-1 ಹೆಚ್ಚಾಗಿ ನರಕೋಶದ ತುದಿಗಳಲ್ಲೂ ಗ್ಯಾಟ್-3 ಹೆಚ್ಚಾಗಿ ಆಸ್ಟ್ರೋಸೈಟ್‌ಗಳಲ್ಲೂ ಇದೆ. ನರಕೋಶಕ್ಕೆ ಮರಳಿದ ಗಾಬಾ ಮತ್ತೆ ಬಳಕೆಗೆ ಬರುತ್ತದೆ. ಆಸ್ಟ್ರೋಸೈಟ್ ಸೇರಿದ ಗಾಬಾವನ್ನು ಗಾಬಾ ಟ್ರಾನ್ಸಮಿನೇಸ್ ಕಿಣ್ವ ಒಡೆಯುತ್ತದೆ. ಉಳಿದ ಅಂಶ ಕೋಶದ ಶಕ್ತಿಯ ಚಕ್ರಕ್ಕೆ ಸೇರುತ್ತದೆ.

ಈ ವಾಹಕಗಳು ಸೋಡಿಯಂ ಅಯಾನಿನ ಜೊತೆಗೂಡಿ ಕೆಲಸ ಮಾಡುತ್ತವೆ. ಸುತ್ತಲಿನ ನರಕೋಶಗಳು ತೀರಾ ಕೆರಳಿ ಗ್ಲುಟಮೇಟ್ ಹೆಚ್ಚಾದಾಗ ಆಸ್ಟ್ರೋಸೈಟ್ ಅದನ್ನು ಸೋಡಿಯಂನೊಡನೆ ಒಳಗೆಳೆಯುತ್ತದೆ. ಒಳಗೆ ಸೋಡಿಯಂ ತುಂಬಿಕೊಂಡಾಗ ಗ್ಯಾಟ್-3 ತಿರುಗುಮುರುಗಾಗಿ ಓಡಿ, ಗಾಬಾವನ್ನು ಹೀರುವ ಬದಲು ಹೊರಹಾಕುತ್ತದೆ. ಹಂಗೇರಿಯ ಸಂಶೋಧಕರು 2012ರಲ್ಲಿ ಇದನ್ನು ವಿವರಿಸಿದರು. ಕೆರಳಿಕೆ ಹೆಚ್ಚಿದಷ್ಟೂ ತಡೆ ತಾನಾಗಿ ಬಲಗೊಳ್ಳುವ ಏರ್ಪಾಡು ಇದು. ಇದರಲ್ಲಿ ನಡುವೆ ನಿಂತು ಕೆಲಸ ಮಾಡುವುದು ಆಸರೆ ಕೋಶ.

ನಿರಂತರ ತಡೆ

ನರಸಂಧಿಯಲ್ಲಿ ಕ್ಷಣಮಾತ್ರ ನಡೆಯುವ ತಡೆಯ ಜೊತೆಗೆ ಮೆದುಳಿನಲ್ಲಿ ಇನ್ನೊಂದು ತಡೆಯೂ ಇದೆ. ಕೋಶಗಳ ನಡುವಿನ ದ್ರವದಲ್ಲಿ ಅತಿ ಕಡಿಮೆ ಪ್ರಮಾಣದ ಗಾಬಾ ಯಾವಾಗಲೂ ಇರುತ್ತದೆ. ನರಸಂಧಿಯಿಂದಾಚೆ ಇರುವ ವಿಶೇಷ ಗಾಬಾ-ಎ ಗ್ರಾಹಕಗಳು ಅದನ್ನು ಗ್ರಹಿಸಿ ನರಕೋಶವನ್ನು ಸದಾ ಸ್ವಲ್ಪ ಹಿಡಿತದಲ್ಲಿಡುತ್ತವೆ.

ಈ ಗಾಬಾ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ 2010ರಲ್ಲಿ ದಕ್ಷಿಣ ಕೊರಿಯದ ಸಿ. ಜಸ್ಟಿನ್ ಲೀ ತಂಡ ಒಂದು ಉತ್ತರ ನೀಡಿತು. ಕಿರುಮೆದುಳಿನ ಗ್ಲಿಯಾ ಕೋಶಗಳು ಬೆಸ್ಟ್ರೋಫಿನ್-1 ಎಂಬ ಅಯಾನು ಮಾರ್ಗದ ಮೂಲಕ ಗಾಬಾವನ್ನು ಸತತವಾಗಿ ಹೊರಬಿಡುತ್ತವೆ ಎಂದು ಇಲಿಗಳಲ್ಲಿ ತೋರಿಸಿತು. ಆಸ್ಟ್ರೋಸೈಟ್‌ಗಳು ಗ್ಲುಟಮೇಟನ್ನು ಬಿಟ್ಟು ಪ್ಯುಟ್ರೆಸ್ಸಿನ್ ಎಂಬ ವಸ್ತುವಿನಿಂದಲೂ, ಎಂಎಒ-ಬಿ ಕಿಣ್ವದ ನೆರವಿನಿಂದ, ಗಾಬಾ ತಯಾರಿಸಬಲ್ಲವು ಎಂಬುದು ಮುಂದಿನ ವರ್ಷಗಳಲ್ಲಿ ಖಚಿತವಾಯಿತು. ತಡೆಕೋಶಗಳ ಹೊರತಾಗಿ ಗಾಬಾದ ಇನ್ನೊಂದು ಮೂಲ ಮೆದುಳಿನಲ್ಲಿದೆ ಎಂಬುದು ದೊಡ್ಡ ಬದಲಾವಣೆ.

ತಡೆ ಹೆಚ್ಚಾದರೂ ಕೇಡೇ. ಅಲ್ಝೈಮರ್ ರೋಗದ ಮಾದರಿಯಾಗಿ ಬೆಳೆಸಿದ ಇಲಿಗಳಲ್ಲಿ ಉದ್ರಿಕ್ತಗೊಂಡ ಆಸ್ಟ್ರೋಸೈಟ್‌ಗಳು ಮಿತಿಮೀರಿ ಗಾಬಾ ಸ್ರವಿಸಿ ನೆನಪಿನ ಶಕ್ತಿಯನ್ನು ಕುಗ್ಗಿಸುತ್ತವೆ, ಆ ಗಾಬಾದ ತಯಾರಿಯನ್ನು ತಡೆದರೆ ನೆನಪು ಸುಧಾರಿಸುತ್ತದೆ ಎಂದು 2014ರ ಅಧ್ಯಯನ ತಿಳಿಸಿತು. ಬೇಕಾದದ್ದು ಸರಿಯಾದ ಹದ.

ಆಲಿಸಿ ಉತ್ತರಿಸುವ ಕೋಶ

ಆಸ್ಟ್ರೋಸೈಟ್ ವಿದ್ಯುತ್ ಮಿಡಿತದಿಂದ ಮಾತಾಡುವುದಿಲ್ಲ. ಅದರ ಒಳಗಿನ ಕ್ಯಾಲ್ಸಿಯಂ ಏರಿಳಿಯುತ್ತದೆ. 1998ರಲ್ಲಿ ಮೈಕೆನ್ ನೆಡರ್‌ಗಾರ್ಡ್ ತಂಡ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಭಾಗದಲ್ಲಿ ಒಂದು ಮುಖ್ಯ ಸಂಗತಿ ಕಂಡುಹಿಡಿಯಿತು. ತಡೆಕೋಶ ಬಿಡುಗಡೆ ಮಾಡಿದ ಗಾಬಾ ಆಸ್ಟ್ರೋಸೈಟ್‌ನ ಗಾಬಾ-ಬಿ ಗ್ರಾಹಕಕ್ಕೂ ತಗಲುತ್ತದೆ. ಅದರಿಂದ ಆಸ್ಟ್ರೋಸೈಟ್‌ನಲ್ಲಿ ಕ್ಯಾಲ್ಸಿಯಂ ಏರುತ್ತದೆ. ಆಸ್ಟ್ರೋಸೈಟ್ ಪ್ರತಿಯಾಗಿ ಸಂಕೇತ ಕಳುಹಿಸಿ ತಡೆಕೋಶದ ಕೆಲಸವನ್ನು ಇನ್ನಷ್ಟು ಬಲಪಡಿಸುತ್ತದೆ.

ಆಸ್ಟ್ರೋಸೈಟ್‌ಗಳು ಕೋಶಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನೂ ಹೊರಬಿಡುತ್ತವೆ. ಅದು ಕೋಶದ ಹೊರಗೆ ಒಡೆದು ಅಡೆನೊಸಿನ್ ಆಗುತ್ತದೆ. ಅಡೆನೊಸಿನ್ ನರಕೋಶಗಳ ಎ1 ಗ್ರಾಹಕಕ್ಕೆ ಅಂಟಿ ಅವುಗಳ ಚಟುವಟಿಕೆಯನ್ನು ತಗ್ಗಿಸುತ್ತದೆ. ಕಾಫಿಯ ಕೆಫೀನ್ ನಿದ್ದೆ ದೂರ ಮಾಡುವುದು ಅಡೆನೊಸಿನ್‌ನ ಗ್ರಾಹಕಗಳನ್ನು ತಡೆಯುವುದರಿಂದ. ಗಾಬಾದಿಂದ ಬೇರೆಯಾದರೂ ಇದೂ ಮೆದುಳನ್ನು ಶಾಂತವಾಗಿಡುವ ದಾರಿ.

ಪೊಟ್ಯಾಶಿಯಂ ನಿರ್ವಹಣೆಯೂ ಅಷ್ಟೇ ಮುಖ್ಯ. ನರಕೋಶ ಮಿಡಿದಾಗಲೆಲ್ಲ ಪೊಟ್ಯಾಶಿಯಂ ಹೊರಬರುತ್ತದೆ. ಆಸ್ಟ್ರೋಸೈಟ್‌ಗಳು ಕಿರ್4.1 ಎಂಬ ಮಾರ್ಗದಿಂದ ಅದನ್ನು ಹೀರಿ, ಒಂದಕ್ಕೊಂದು ಬೆಸೆದ ತಮ್ಮ ಜಾಲದ ಮೂಲಕ ದೂರಕ್ಕೆ ಸಾಗಿಸುತ್ತವೆ. ಇದಕ್ಕೂ ಗಾಬಾಕ್ಕೂ ನೇರ ಸಂಬಂಧವಿದೆ. ಗಾಬಾ ತಡೆಯಾಗಿ ಕೆಲಸ ಮಾಡಬೇಕಾದರೆ ನರಕೋಶದ ಒಳಗೆ ಕ್ಲೋರೈಡ್ ಕಡಿಮೆ ಇರಬೇಕು. ಕೆಸಿಸಿ2 ಎಂಬ ಪ್ರೋಟೀನ್ ಪೊಟ್ಯಾಶಿಯಂ ಜೊತೆಗೂಡಿಸಿ ಕ್ಲೋರೈಡನ್ನು ಹೊರಹಾಕುತ್ತದೆ. ಹೊರಗೆ ಪೊಟ್ಯಾಶಿಯಂ ತುಂಬಿಕೊಂಡರೆ ಈ ಸಾಗಣೆ ಕುಂಠಿತವಾಗುತ್ತದೆ, ಕ್ಲೋರೈಡ್ ಒಳಗೇ ಉಳಿಯುತ್ತದೆ, ಗಾಬಾದ ಹಿಡಿತ ಸಡಿಲುತ್ತದೆ. ಗಾಬಾ ಬೇಕಾದಷ್ಟಿದ್ದರೂ ತಡೆ ಸೋಲುವ ಸನ್ನಿವೇಶ ಹೀಗೆ ಹುಟ್ಟುತ್ತದೆ.

ಕಟ್ಟುವ, ಕತ್ತರಿಸುವ ಕೆಲಸ

ತಡೆಯ ನರಸಂಧಿಗಳು ಎಲ್ಲಿ, ಎಷ್ಟು ಇರಬೇಕು ಎಂಬುದರಲ್ಲೂ ಗ್ಲಿಯಾದ ಕೈಯಿದೆ. ಆಸ್ಟ್ರೋಸೈಟ್‌ನ ಮೈಮೇಲಿನ ಎನ್‌ಆರ್‌ಕ್ಯಾಮ್ ಎಂಬ ಪ್ರೋಟೀನ್ ತಡೆಯ ನರಸಂಧಿಗಳ ರಚನೆಗೂ ಕೆಲಸಕ್ಕೂ ಬೇಕೆಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಇಲಿಗಳಲ್ಲಿ ತೋರಿಸಿದರು.

ಮೈಕ್ರೊಗ್ಲಿಯಾ ಬೇಡದ ನರಸಂಧಿಗಳನ್ನು ಸವರಿಹಾಕುತ್ತದೆ. ಗಾಬಾ ಗ್ರಹಿಸಬಲ್ಲ ಒಂದು ಗುಂಪಿನ ಮೈಕ್ರೊಗ್ಲಿಯಾ ಬೆಳೆಯುವ ಮೆದುಳಿನಲ್ಲಿ ತಡೆಯ ನರಸಂಧಿಗಳನ್ನೇ ಆಯ್ದು ತಿದ್ದುತ್ತದೆ ಎಂದು 2021ರಲ್ಲಿ ತಿಳಿಯಿತು. ಬೆಳೆದ ಮೆದುಳಿನಲ್ಲಿ ನರಕೋಶ ಕೆರಳಿ ಎಟಿಪಿ ಹೊರಬಿಟ್ಟಾಗ ಮೈಕ್ರೊಗ್ಲಿಯಾ ಅದರ ಬಳಿಗೆ ಕವಲು ಚಾಚಿ, ಎಟಿಪಿಯನ್ನು ಅಡೆನೊಸಿನ್ ಆಗಿಸುವುದರಲ್ಲಿ ಪಾಲ್ಗೊಂಡು ಕೆರಳಿಕೆಯನ್ನು ಇಳಿಸುತ್ತದೆ. ಮೈಕ್ರೊಗ್ಲಿಯಾ ತೆಗೆದುಹಾಕಿದ ಇಲಿಗಳಿಗೆ ಫಿಟ್ಸ್ ಬೇಗ ಬರುತ್ತದೆ ಎಂಬುದು 2020ರ ಪ್ರಯೋಗದಿಂದ ಗೊತ್ತಾಯಿತು. ಆಲಿಗೊಡೆಂಡ್ರೊಸೈಟ್‌ಗಳ ಪಾಲೂ ಇದೆ: ಬೇಗ ಮಿಡಿಯುವ ತಡೆಕೋಶಗಳ ತಂತುಗಳಿಗೆ ಅವು ಮಯಲಿನ್ ಸುತ್ತುವುದರಿಂದ ತಡೆಯ ಸಂಕೇತ ಸರಿಯಾದ ಗಳಿಗೆಗೆ ತಲುಪುತ್ತದೆ.

ಆಸರೆ ಕುಸಿದಾಗ

ಮೆದುಳಿಗೆ ಪೆಟ್ಟು, ಸೋಂಕು, ರಕ್ತದ ಕೊರತೆ ಉಂಟಾದಾಗ ಆಸ್ಟ್ರೋಸೈಟ್‌ಗಳು ಉಬ್ಬಿ, ರೂಪ ಬದಲಿಸಿ ಗಾಯದ ಸುತ್ತ ಕಲೆ ಕಟ್ಟುತ್ತವೆ. ಇದು ಗಾಯ ಹರಡದಂತೆ ಕಾಯುತ್ತದೆ. ಆದರೆ ಹಾಗೆ ಬದಲಾದ ಆಸ್ಟ್ರೋಸೈಟ್‌ಗಳಲ್ಲಿ ಗ್ಲುಟಮಿನ್ ಸಿಂಥೆಟೇಸ್ ಕಡಿಮೆಯಾಗುವುದುಂಟು. ಔಷಧಕ್ಕೆ ಬಗ್ಗದ ಅಪಸ್ಮಾರಕ್ಕಾಗಿ ಶಸ್ತ್ರಚಿಕಿತ್ಸೆಗೆ ಒಳಗಾದವರ ಹಿಪ್ಪೊಕ್ಯಾಂಪಸ್‌ನಲ್ಲಿ ಈ ಕಿಣ್ವ ಗಣನೀಯವಾಗಿ ಇಳಿದಿರುವುದನ್ನು 2004ರಲ್ಲಿ ಗುರುತಿಸಲಾಯಿತು. 2010ರಲ್ಲಿ ಪೆನ್ಸಿಲ್ವೇನಿಯದ ಸಂಶೋಧಕರು ಇಲಿಗಳ ನರಕೋಶಗಳನ್ನು ಮುಟ್ಟದೆ ಆಸ್ಟ್ರೋಸೈಟ್‌ಗಳನ್ನಷ್ಟೇ ಹೀಗೆ ಬದಲಾಯಿಸಿದರು. ಪಕ್ಕದ ನರಕೋಶಗಳಿಗೆ ತಲುಪುವ ತಡೆಯ ಸಂಕೇತ ಸೊರಗಿತು. ಹೊರಗಿನಿಂದ ಗ್ಲುಟಮಿನ್ ಕೊಟ್ಟಾಗ ಅದು ಚೇತರಿಸಿತು. ಆಸರೆ ಕೋಶದ ದೋಷವೊಂದೇ ತಡೆಯನ್ನು ಕೆಡಿಸಬಲ್ಲದು ಎಂಬುದಕ್ಕೆ ಇದು ಗಟ್ಟಿ ಪುರಾವೆ.

ಮದ್ದೂರು, ಮಂಡ್ಯದ ಮಗ್ಗುಲಲ್ಲೇ ಹಾಯುವ ಬೆಂಗಳೂರು–ಮೈಸೂರು ಹೆದ್ದಾರಿಯಂಥ ರಸ್ತೆಗಳಲ್ಲಿ ತಲೆಗೆ ಪೆಟ್ಟಾದವರಲ್ಲಿ ಕೆಲವರಿಗೆ ತಿಂಗಳುಗಳ ಅಥವಾ ವರ್ಷಗಳ ನಂತರ ಫಿಟ್ಸ್ ಶುರುವಾಗುವುದಕ್ಕೆ ಈ ಕಲೆ ಒಂದು ಕಾರಣ. ಲಾಡಿಹುಳುವಿನ ಮರಿ ಮೆದುಳು ಸೇರಿ ಉಂಟಾಗುವ ನ್ಯೂರೋಸಿಸ್ಟಿಸರ್ಕೋಸಿಸ್ ಭಾರತದಲ್ಲಿ ಅಪಸ್ಮಾರಕ್ಕೆ ದೊಡ್ಡ ಕಾರಣಗಳಲ್ಲೊಂದು. ಅಲ್ಲೂ ಹುಳು ಸತ್ತು ಸುಣ್ಣಗಟ್ಟಿದ ಜಾಗದ ಸುತ್ತ ಗ್ಲಿಯಾದ ಕಲೆ ಉಳಿಯುತ್ತದೆ. ಯಕೃತ್ತು ಕೆಟ್ಟವರಲ್ಲಿ ರಕ್ತದ ಅಮೋನಿಯ ಏರಿದಾಗ ಅದನ್ನು ಗ್ಲುಟಮಿನ್ ಆಗಿಸುವ ಭಾರವೂ ಆಸ್ಟ್ರೋಸೈಟ್ ಮೇಲೆ ಬೀಳುತ್ತದೆ. ಕೋಶಗಳು ಊದಿಕೊಂಡು, ರೋಗಿ ಮಂಕಾಗಿ, ಕೊನೆಗೆ ಎಚ್ಚರ ತಪ್ಪುವ ಹಂತಕ್ಕೂ ಹೋಗಬಹುದು.

ಬಿಸಿ, ವಂಶವಾಹಿ ಮತ್ತು ಗಾಬಾ

ಬಿಸಿನೀರಿನ ಅಪಸ್ಮಾರಕ್ಕೆ ಈ ತಿಳಿವಳಿಕೆ ಹೇಗೆ ಸಂಬಂಧಿಸುತ್ತದೆ? ಮೊದಲನೆಯದು ತಾಪ. ನಿಮ್ಹಾನ್ಸ್‌ನಲ್ಲಿ ಇಲಿಗಳಿಗೆ ಬಿಸಿನೀರು ಹುಯ್ದು ಮಾಡಿದ ಪ್ರಯೋಗಗಳಲ್ಲಿ ಮೈಯ ತಾಪ ಒಂದು ಮಟ್ಟ ಮೀರಿದಾಗ ಫಿಟ್ಸ್ ಬಂತು. ಮತ್ತೆ ಮತ್ತೆ ಹುಯ್ದಂತೆ ಮೆದುಳು ಹೆಚ್ಚು ಹೆಚ್ಚು ಸೂಕ್ಷ್ಮವಾಗುತ್ತ ಹೋಯಿತು. ತಾಪ ಗಾಬಾ ವ್ಯವಸ್ಥೆಯನ್ನು ಕೆಡಿಸಬಲ್ಲದು ಎಂಬುದಕ್ಕೆ ಜ್ವರದ ಫಿಟ್ಸ್ ಕುರಿತ ಸಂಶೋಧನೆಯಲ್ಲಿ ಸುಳಿವಿದೆ. ಗಾಬಾ-ಎ ಗ್ರಾಹಕದ ಗಾಮಾ-2 ತುಣುಕಿನಲ್ಲಿ ಕೆಲವು ದೋಷಗಳಿದ್ದರೆ, ತಾಪ ಏರಿದಾಗ ಆ ಗ್ರಾಹಕಗಳು ಕೋಶದ ಮೇಲ್ಮೈಯಲ್ಲಿ ಕಡಿಮೆಯಾಗುತ್ತವೆ ಎಂದು 2006ರಲ್ಲಿ ತೋರಿಸಲಾಯಿತು.

ಎರಡನೆಯದು ವಂಶವಾಹಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ತಂಡ, ನಿಮ್ಹಾನ್ಸ್ ವೈದ್ಯರೊಡನೆ ಸೇರಿ, ಈ ರೋಗವಿರುವ ಕುಟುಂಬಗಳನ್ನು ವರ್ಷಗಳ ಕಾಲ ಅಧ್ಯಯನ ಮಾಡಿದೆ. 2017ರಲ್ಲಿ ಅವರು ಎಸ್‌ಎಲ್‌ಸಿ1ಎ1 ವಂಶವಾಹಿಯಲ್ಲಿ ಅಪರೂಪದ ಬದಲಾವಣೆಗಳನ್ನು ವರದಿ ಮಾಡಿದರು. ಈ ವಂಶವಾಹಿ ಇಎಎಟಿ-3 ಎಂಬ ಗ್ಲುಟಮೇಟ್ ವಾಹಕವನ್ನು ರೂಪಿಸುತ್ತದೆ. ಈ ವಾಹಕ ಹೆಚ್ಚಾಗಿ ಇರುವುದು ನರಕೋಶಗಳಲ್ಲಿ. ಆಸ್ಟ್ರೋಸೈಟ್‌ಗಳು ಗ್ಲುಟಮೇಟನ್ನು ಗ್ಲುಟಮಿನ್ ಆಗಿಸಿ ತಡೆಕೋಶಕ್ಕೆ ತಲುಪಿಸಿದರೆ, ಇಎಎಟಿ-3 ಗ್ಲುಟಮೇಟನ್ನು ನೇರವಾಗಿ ಒಳಗೆ ತರುತ್ತದೆ. ಎರಡೂ ದಾರಿಗಳು ಸೇರುವುದು ಗಾಬಾ ತಯಾರಿಕೆಯಲ್ಲಿ. ಇಲಿಗಳಲ್ಲಿ ಈ ವಾಹಕವನ್ನು ತಗ್ಗಿಸಿದಾಗ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ಗಾಬಾ ತಯಾರಿಕೆ ಕುಗ್ಗಿ ಫಿಟ್ಸ್ ಕಾಣಿಸಿಕೊಂಡದ್ದು 2002ರಲ್ಲೇ ವರದಿಯಾಗಿತ್ತು.

ಹೀಗೆ ಹಳೆ ಮೈಸೂರಿನ ಕುಟುಂಬಗಳ ಕಾಯಿಲೆಯೊಂದು ಗಾಬಾದ ಕಚ್ಚಾವಸ್ತುವಿನ ಪೂರೈಕೆಯ ಕಡೆಗೆ ಬೆರಳು ತೋರಿಸುತ್ತದೆ. ಆ ಪೂರೈಕೆಯಲ್ಲಿ ಆಸ್ಟ್ರೋಸೈಟ್‌ನದು ದೊಡ್ಡ ಪಾಲು. ಈ ರೋಗದಲ್ಲಿ ಗ್ಲಿಯಾದ ದೋಷ ನೇರವಾಗಿ ಸಾಬೀತಾಗಿಲ್ಲ. ಆದರೆ ಹುಡುಕಬೇಕಾದ ದಿಕ್ಕು ಇದು ಎನ್ನಲು ಕಾರಣಗಳಿವೆ. ಹುಡುಕುವ ಪರಿಣತಿಯೂ ಹತ್ತಿರದಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಫಿಯಾನ್ ಅಶ್ಹದ್ ಮತ್ತು ರಿಷಿಕೇಶ್ ನಾರಾಯಣನ್, ಆಸ್ಟ್ರೋಸೈಟ್ ಕಳುಹಿಸುವ ಸಂಕೇತದ ಪರಿಣಾಮವನ್ನು ನರಕೋಶದ ಕವಲುಗಳ ಅಯಾನು ಮಾರ್ಗಗಳು ಹೇಗೆ ನಿಯಂತ್ರಿಸುತ್ತವೆ ಎಂಬುದನ್ನು 2016ರಲ್ಲಿ ವಿವರಿಸಿದರು.

ಔಷಧ ಮತ್ತು ಮುನ್ನೆಚ್ಚರಿಕೆ

ಈಗ ಬಳಕೆಯಲ್ಲಿರುವ ಹಲವು ಔಷಧಗಳು ಗಾಬಾದ ದಾರಿಯಲ್ಲೇ ಕೆಲಸ ಮಾಡುತ್ತವೆ. ಕ್ಲೊಬಜಾಮ್, ಮಿಡಜೊಲಾಮ್, ಲೊರಜೆಪಾಮ್ ಗಾಬಾ-ಎ ಗ್ರಾಹಕಕ್ಕೆ ಅಂಟಿ ಗಾಬಾದ ಬಲ ಹೆಚ್ಚಿಸುತ್ತವೆ. ಟಯಾಗಬಿನ್ ಗ್ಯಾಟ್-1 ವಾಹಕವನ್ನು ತಡೆದು ಗಾಬಾವನ್ನು ನರಸಂಧಿಯಲ್ಲಿ ಹೆಚ್ಚು ಹೊತ್ತು ಉಳಿಸುತ್ತದೆ. ವಿಗಾಬಟ್ರಿನ್ ಗಾಬಾವನ್ನು ಒಡೆಯುವ ಕಿಣ್ವವನ್ನೇ ನಿಷ್ಕ್ರಿಯಗೊಳಿಸುತ್ತದೆ. ಆ ಕಿಣ್ವ ಆಸ್ಟ್ರೋಸೈಟ್‌ನಲ್ಲೂ ಇರುವುದರಿಂದ ಆಸರೆ ಕೋಶವನ್ನು ನೇರವಾಗಿ ಮುಟ್ಟುವ ಕೆಲವೇ ಔಷಧಗಳಲ್ಲಿ ಇದೊಂದು. ಆಸ್ಟ್ರೋಸೈಟ್‌ನ ಗ್ಲುಟಮೇಟ್ ಹೀರಿಕೆ, ಗ್ಯಾಟ್-3, ಪೊಟ್ಯಾಶಿಯಂ ಮಾರ್ಗಗಳನ್ನು ಗುರಿಯಾಗಿಸುವ ಔಷಧಗಳ ಹುಡುಕಾಟ ಪ್ರಯೋಗಾಲಯಗಳಲ್ಲಿ ನಡೆದಿದೆ. ಇಂದಿನ ಔಷಧಗಳಿಂದ ಸುಮಾರು ಮೂರರಲ್ಲಿ ಒಂದು ಪಾಲು ರೋಗಿಗಳ ಫಿಟ್ಸ್ ಪೂರ್ತಿ ಹತೋಟಿಗೆ ಬರುವುದಿಲ್ಲವಾದ್ದರಿಂದ ಈ ಹುಡುಕಾಟಕ್ಕೆ ತುರ್ತಿದೆ.

ಬಿಸಿನೀರಿನ ಅಪಸ್ಮಾರ ಮಾತ್ರ ಬಹುತೇಕರಲ್ಲಿ ಸರಳ ಕ್ರಮಗಳಿಗೆ ಬಗ್ಗುತ್ತದೆ. ತಲೆಗೆ ಉಗುರುಬೆಚ್ಚಗಿನ ನೀರು ಬಳಸಬೇಕು. ನೆತ್ತಿಗೆ ಒಂದೇ ಸಮನೆ ಹುಯ್ಯಬಾರದು. ಮೈ ತೊಳೆಯುವುದನ್ನೂ ತಲೆ ತೊಳೆಯುವುದನ್ನೂ ಬೇರೆ ಮಾಡಿಕೊಳ್ಳಬಹುದು. ಒದ್ದೆ ಬಟ್ಟೆಯಿಂದ ತಲೆ ಒರೆಸಿಕೊಳ್ಳುವುದೂ ಒಂದು ದಾರಿ. ಇದಿಷ್ಟು ಸಾಲದಿದ್ದರೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಕ್ಲೊಬಜಾಮ್ ಕೊಡುವ ಕ್ರಮವನ್ನು ನಿಮ್ಹಾನ್ಸ್ ವೈದ್ಯರು ಅನುಸರಿಸಿ ಒಳ್ಳೆಯ ಫಲ ಕಂಡಿದ್ದಾರೆ. ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಸ್ನಾನವಿಲ್ಲದ ಹೊತ್ತಿನಲ್ಲೂ ಫಿಟ್ಸ್ ಬರುವವರಿಗೆ ದಿನವೂ ಔಷಧ ಬೇಕಾಗುತ್ತದೆ. ಈ ತೊಂದರೆ ಇರುವವರು ಬಚ್ಚಲುಮನೆಗೆ ಚಿಲಕ ಹಾಕಿಕೊಳ್ಳಬಾರದು. ಹಂಡೆ, ಒಲೆಗಳಿಂದ ದೂರ ಕೂರಬೇಕು. ಕೆರೆ, ನಾಲೆ, ಹೊಳೆಗೆ ಒಬ್ಬರೇ ಇಳಿಯಬಾರದು.

ಫಿಟ್ಸ್ ಬಂದವರನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಬಿಗಿಯಾದ ಬಟ್ಟೆ ಸಡಿಲಿಸಬೇಕು. ಬಾಯಿಗೆ ನೀರು, ಚಮಚ, ಬೆರಳು ಏನನ್ನೂ ಹಾಕಬಾರದು. ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. ಐದು ನಿಮಿಷ ದಾಟಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇದಕ್ಕೂ ಗಾಬಾವೇ ಕಾರಣ: ಫಿಟ್ಸ್ ಮುಂದುವರಿದಷ್ಟೂ ಗಾಬಾ-ಎ ಗ್ರಾಹಕಗಳು ನರಕೋಶದ ಮೇಲ್ಮೈಯಿಂದ ಒಳಸರಿಯುತ್ತವೆ, ಆಮೇಲೆ ಕೊಡುವ ಮಿಡಜೊಲಾಮ್‌ಗೆ ಅಂಟಿಕೊಳ್ಳಲು ಜಾಗ ಕಡಿಮೆಯಾಗುತ್ತದೆ. ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಚುಚ್ಚುಮದ್ದು ಬೇಗ ಸಿಕ್ಕಷ್ಟೂ, ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೋ ಬೆಂಗಳೂರಿಗೋ ಹೋಗುವ ಮುಂದಿನ ದಾರಿ ಸುಗಮ.

ಅಪಸ್ಮಾರ ಗಾಳಿಯ ಸೋಂಕಿನಿಂದಲೋ ಶಾಪದಿಂದಲೋ ಬರುವುದಿಲ್ಲ. ಗ್ಲುಟಮೇಟ್, ಗಾಬಾ, ಪೊಟ್ಯಾಶಿಯಂ, ಕ್ಲೋರೈಡ್‌ಗಳ ಲೆಕ್ಕ ತಪ್ಪಿದಾಗ ಬರುತ್ತದೆ. ಆ ಲೆಕ್ಕವನ್ನು ನರಕೋಶಗಳೂ ಆಸರೆ ಕೋಶಗಳೂ ಕೂಡಿಯೇ ಇಡುತ್ತವೆ. ಚಿಕಿತ್ಸೆ ಈವರೆಗೆ ನರಕೋಶದ ಕಡೆಗೇ ಹೆಚ್ಚು ನೋಡಿದೆ; ಇನ್ನು ಮುಂದೆ ಆಸರೆ ಕೋಶಗಳನ್ನೂ ಅಷ್ಟೇ ಗಮನದಿಂದ ನೋಡಬೇಕು.